ಹಿಂದೆ ಬರುತ್ತಿದ್ದವನು

ಸಂಜೆಯ ಅಜಾನ್ ಮುಗಿದು ಬೀದಿದೀಪ ಹತ್ತುವಷ್ಟರಲ್ಲಿ ಗುಲ್ಷನ್ ಬೇಗಂ ಮಹಡಿಯ ಕಿಟಕಿ ತೆರೆದು, ಗಲ್ಲಿಯತ್ತ ಬಗ್ಗಿ, ದಿನದಂತೆ ಕೇಳಿದರು.

"ಯಾಸಿರ್ ಬಂದ್ನಾ?"

ಶಿವಾಜಿನಗರದ ಆ ಗಲ್ಲಿಯಲ್ಲಿ ಅಂದು ಉತ್ತರ ಹೇಳುವವರೇ ಇರಲಿಲ್ಲ. ಚಹಾದಂಗಡಿಯ ಕರೀಂ ಚಾಚಾ ನಮಾಜಿಗೆ ಹೋಗಿದ್ದರು. ಎದುರುಮನೆಯ ಬಿಲ್ಕೀಸ್ ಆಪಾ ಯಾರದೋ ಮದುವೆಗೆಂದು ಬೆನ್ಸನ್ ಟೌನಿಗೆ ಹೋಗಿದ್ದರು. ಮೆಟ್ಟಿಲ ಬುಡದಲ್ಲಿ ನೀರಿನ ಕ್ಯಾನ್ ಎತ್ತಲು ಬಗ್ಗಿದ್ದ ಸೊಸೆ ಅಲಿಯಾ, ಇವತ್ತು ತಾನೇ ಬಾಯಿ ಬಿಡಬೇಕಾದೀತೇ ಎಂದು ಹೆದರಿ ಬಗ್ಗಿದಲ್ಲೇ ನಿಂತಳು. ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ತಿರುವಿನಿಂದ ಬರುತ್ತಿದ್ದ ಯಾರೋ ಒಬ್ಬ ತಲೆಯೆತ್ತಿ, ಆ ಗಲ್ಲಿಯಲ್ಲೇ ಹುಟ್ಟಿ ಬೆಳೆದವನ ಹಾಗೆ ಉತ್ತರ ಕೊಟ್ಟುಬಿಟ್ಟ.

"ಬರ್ತಿದಾರಮ್ಮ. ನನ್ನ ಹಿಂದೇನೇ ಇದಾರೆ."

ಕಿಟಕಿ ಮುಚ್ಚಿತು. ಅಲಿಯಾ ಅವನನ್ನಲ್ಲ, ಅವನ ಹಿಂದಿನ ಗಲ್ಲಿಯನ್ನು ನೋಡಿದಳು. ಅಲ್ಲಿ ಸಾಲಾಗಿ ನಿಲ್ಲಿಸಿದ್ದ ಸ್ಕೂಟರುಗಳಿದ್ದವು, ಅರ್ಧ ಕೆಡವಿದ ಒಂದು ಮನೆಯ ಗೋಡೆಯಿತ್ತು. ಮನುಷ್ಯರು ಯಾರೂ ಇರಲಿಲ್ಲ.

"ಯಾರಿದಾರೆ ನಿಮ್ಮ ಹಿಂದೆ?" ಎಂದಳು. ಕೇಳಿದ ದನಿ ತನ್ನದಲ್ಲವೆನ್ನಿಸಿತು.

ಅವನೂ ತಿರುಗಿ ನೋಡಿ ಪೆಚ್ಚಾದ. ಮಸೀದಿಯ ಹತ್ತಿರದಿಂದ ಒಬ್ಬರು ಹಿಂದೆಯೇ ನಡೆದು ಬರುತ್ತಿದ್ದರು, ಈ ಗಲ್ಲಿಗೇ ತಿರುಗಿದರು, ಅವರೇ ಇರಬೇಕೆಂದುಕೊಂಡೆ ಎಂದ. ಆ ತಾಯಿ ಅಷ್ಟು ಆಸೆಯಿಂದ ಕೇಳುವಾಗ ಸುಮ್ಮನೆ ಹೋಗಲು ಮನಸ್ಸು ಬರಲಿಲ್ಲವಂತೆ. ಆಮೇಲೆ ಅವಳನ್ನು ಕೇಳದೆಯೇ ಕ್ಯಾನನ್ನು ಹೆಗಲಿಗೇರಿಸಿಕೊಳ್ಳುತ್ತ, ಯಾಸಿರ್ ಅವರು ನಿಮಗೆ ಏನಾಗಬೇಕು ಎಂದು ವಿಚಾರಿಸಿದ.

"ನನ್ನ ಗಂಡ," ಎಂದಳು ಅಲಿಯಾ.

ಅದು ಸುಳ್ಳಲ್ಲ. ಯಾಸಿರ್ ತೀರಿಕೊಂಡು ನಾಲ್ಕು ವರ್ಷವಾಗಿದೆ ಎಂಬ ಇನ್ನೊಂದು ಮಾತನ್ನು ಮಾತ್ರ ಅವಳು ಹೇಳಲಿಲ್ಲ. ಹೇಳುವಷ್ಟು ಹೊತ್ತೂ ಇರಲಿಲ್ಲ. ಅವನು ಆಗಲೇ ಮೆಟ್ಟಿಲೇರುತ್ತಿದ್ದ. ನಡುವೆ ಒಮ್ಮೆ ತಿರುಗಿ, ದಾರಿ ಸರಿಯಿದೆಯೇ ಎಂಬಂತೆ ಹುಬ್ಬೆತ್ತಿ ಅವಳನ್ನು ನೋಡಿದ. ಆ ನೋಟ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಅದು ಇಬ್ಬರಿಗೂ ಗೊತ್ತಾಯಿತು.

ಆ ಗಲ್ಲಿಯ ಪದ್ಧತಿ ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಕೊರೋನಾದ ಎರಡನೇ ಅಲೆಯ ಆ ಕೆಟ್ಟ ಬೇಸಿಗೆಯಲ್ಲಿ ತಾಯಿ ಮಗ ಇಬ್ಬರೂ ಒಟ್ಟಿಗೇ ಮಲಗಿದ್ದರು. ಯಾಸಿರ್‌ನನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಂದ ನೇರ ಖಬರಸ್ಥಾನಕ್ಕೆ ಕೊಂಡೊಯ್ದವರು ಯಾರೋ ಪುಣ್ಯಾತ್ಮರು; ಮನೆಯವರ ಪೈಕಿ ಮುಖ ನೋಡಿದವರು ಒಬ್ಬರೂ ಇಲ್ಲ. ಜ್ವರ ಬಿಟ್ಟು ಎದ್ದು ಕೂತ ಗುಲ್ಷನ್‌ಗೆ ಅಲಿಯಾ ವಿಷಯ ಹೇಳಿದಳು. ಅವರು ತಲೆಯಾಡಿಸಿ ಕೇಳಿಸಿಕೊಂಡರು. ಸಂಜೆಯಾದಾಗ ಗೋಡೆ ಹಿಡಿದು ಎದ್ದು ಹೋಗಿ, ಕಿಟಕಿ ತೆರೆದು, ಯಾಸಿರ್ ಬಂದನೇ ಎಂದು ಕೇಳಿದರು. ಕೆಳಗೆ ಕೆಟಲ್ ಹಿಡಿದು ನಿಂತಿದ್ದ ಕರೀಂ ಚಾಚಾ ತಲೆಯೆತ್ತಿ ನೋಡಿದರು. "ಬರ್ತಾನಮ್ಮ," ಎಂದುಬಿಟ್ಟರು.

ಒಂದು ಸಂಜೆಗೆಂದು ಹೇಳಿದ ಮಾತಿಗೆ ನಾಲ್ಕು ವರ್ಷದ ಆಯುಷ್ಯ ಬಂತು. ಮರುದಿನ ಇಲ್ಲವೆನ್ನಲು ಯಾರಿಗೂ ನಾಲಿಗೆ ಏಳಲಿಲ್ಲ. ಒಬ್ಬರಲ್ಲ ಒಬ್ಬರು ಹೇಳುತ್ತಲೇ ಹೋದರು. ಈಗ ಮಸೀದಿಗೆ ಹೋದ, ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಹಿಂದೆಯೇ ಬರುತ್ತಿದ್ದಾನೆ. ಗುಲ್ಷನ್ ಕಿಟಕಿ ಮುಚ್ಚಿ, ಊಟ ಮಾಡಿ, ನಿಶ್ಚಿಂತೆಯಾಗಿ ಮಲಗುತ್ತಿದ್ದರು. ಬಿಸಿತುಪ್ಪವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಿದ್ದವಳು ಅಲಿಯಾ ಒಬ್ಬಳೇ.

ನಿಜ ಹೇಳಬೇಕೆಂದರೆ, ಅವಳಿಗೂ ಆ ಸುಳ್ಳು ಅಂಟಿಕೊಂಡಿತ್ತು. ಯಾಸಿರ್ ಬೈಕಿಗೆ, ಆಟೋಗೆ ಸೀಟ್ ಕವರ್ ಹೊಲಿಯುತ್ತಿದ್ದವನು. ಬದುಕಿದ್ದಾಗ ಅವನ ಅಂಗಿಗೆ ರೆಕ್ಸಿನ್ನಿನ ವಾಸನೆ, ಕೈಗೆ ಅಂಟಿನ ವಾಸನೆ. ಗಲ್ಲಿ "ಬರ್ತಿದಾನೆ" ಎಂದ ಮೇಲೆ ಎಷ್ಟೋ ಸಂಜೆ ಅದೇ ವಾಸನೆ ಮೆಟ್ಟಿಲ ಮೇಲೆ ತೇಲಿ ಬರುತ್ತಿತ್ತು. ದಡದಡನೆ ಓಡಿ ಹತ್ತಿಬರುವ ಹೆಜ್ಜೆಯ ಸಪ್ಪಳ ಕೇಳಿಸುತ್ತಿತ್ತು. ಬಾಗಿಲಿಗೆ ಬಂದು ನೋಡಿದರೆ ಖಾಲಿ ಮೆಟ್ಟಿಲು. ಊರಿಗೆ ಬಂದುಬಿಡು ಎಂದು ಮುಳಬಾಗಿಲಿನ ಅಣ್ಣ ಕರೆದಾಗಲೆಲ್ಲ ಅತ್ತೆಯನ್ನು ನೋಡಿಕೊಳ್ಳಬೇಕು ಎನ್ನುತ್ತಿದ್ದಳು. ಅದೊಂದೇ ಕಾರಣವಲ್ಲ ಎನ್ನುವುದನ್ನು ಹೇಳಿದರೆ ಅಣ್ಣ ದೆವ್ವ ಬಿಡಿಸಲು ನೇರ ದರ್ಗಾಕ್ಕೇ ಕರೆದೊಯ್ಯುತ್ತಿದ್ದ.

ಅಂದು ಬಂದವನ ಹೆಸರು ಸುಗತ. ಸಿ.ವಿ. ರಾಮನ್ ನಗರದ ಹಿಂದಿನ ಹಳ್ಳಿಯವನು. ಹಳ್ಳಿಯೆಂಬುದು ಈಗ ಹೆಸರಿಗಷ್ಟೆ, ಹೊಲಗಳ ಮೇಲೆಲ್ಲ ಅಪಾರ್ಟ್‌ಮೆಂಟ್. ಒಂದು ಚಿಕ್ಕ ಸಂಸ್ಥೆಯಲ್ಲಿ ಅವನಿಗೆ ಕೆಲಸ. ಆ ಕೆಲಸಕ್ಕೆ "ಪಕ್ಕದ ಮನೆ" ಎಂದು ಹೆಸರಿಟ್ಟಿದ್ದರು. ಮನಸ್ಸು ಸೋತವರು ಡಾಕ್ಟರ ಹತ್ತಿರ ಹೋಗಲಿ, ಬಿಡಲಿ, ಅವರ ಪಕ್ಕ ಕೂರುವುದನ್ನು ಗಲ್ಲಿಯವರಿಗೇ ಕಲಿಸುವುದು ಅವನ ಕಸುಬು. ಸಭೆಗೆ ಜಾಗ ಕೊಡುತ್ತೇನೆಂದು ಮುಂದೆ ಬಂದವರು ಗುಲ್ಷನ್. ಗುರುವಾರ ಮಧ್ಯಾಹ್ನ ಅವರ ಮನೆಯ ಹಜಾರ ತುಂಬುತ್ತಿತ್ತು.

ಕೂರುವುದನ್ನು ಕಲಿಸಲೂ ಸಂಬಳ ಕೊಡುತ್ತಾರಾ ಎಂದು ಬಿಲ್ಕೀಸ್ ಆಪಾ ಮೊದಲ ವಾರವೇ ಕೇಳಿ ಎಲ್ಲರನ್ನೂ ನಗಿಸಿದರು. ಸುಗತ ತಾನೂ ನಕ್ಕು, ತನ್ನ ಅಕ್ಕನ ಕಥೆ ಹೇಳಿದ. ಹೆರಿಗೆಯಾದ ಮೇಲೆ ಅಕ್ಕ ಮೂಲೆ ಹಿಡಿದು ಮಾತೇ ಬಿಟ್ಟಿದ್ದಳು. ಗಾಳಿ ಸೋಕಿದೆ ಎಂದು ಊರು ದೂರ ಸರಿಯಿತು. ಪಕ್ಕದ ಮನೆಯ ಮಂಜುಳಮ್ಮ ಮಾತ್ರ ದಿನಾ ಒಂದು ಮೊರದ ತುಂಬ ಅವರೆಕಾಯಿ ತಂದು, ಏನೂ ಕೇಳದೆ, ಅವಳ ಪಕ್ಕ ಕೂತು ಬಿಡಿಸುತ್ತಿದ್ದರು. ಅವರೆಯ ಕಾಲ ಮುಗಿಯುವ ಹೊತ್ತಿಗೆ ಅಕ್ಕ ತಾನೂ ಮೊರಕ್ಕೆ ಕೈ ಹಾಕಿದ್ದಳು.

ಅದಕ್ಕೇ ಅವನ ಪಾಠ ತೀರ ಸರಳ. ಬರಿಗೈಯಲ್ಲಿ ಹೋಗಬೇಡಿ, ಕೈಗೊಂದು ಕೆಲಸ ಹಿಡಿದು ಹೋಗಿ. ತಾವಾಗಿ ಹೇಳದ್ದನ್ನು ಕೆದಕಬೇಡಿ. ಸುಳ್ಳು ಸಮಾಧಾನ ಮಾತ್ರ ಹೇಳಬೇಡಿ. ಈ ಕೊನೆಯ ಮಾತಿಗೆ ಹಜಾರದ ಹೆಂಗಸರೆಲ್ಲ ತಂತಮ್ಮ ಮಡಿಲಲ್ಲಿ ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನೇ ನೋಡುತ್ತ ಕೂತರು. "ಸಹೀ ಬಾತ್," ಎಂದು ಜೋರಾಗಿ ಒಪ್ಪಿದವರು ಗುಲ್ಷನ್ ಒಬ್ಬರೇ.

ಅದೇ ಪಾಠ ಅವನ ಕಾಲಿಗೂ ತೊಡರಿಕೊಂಡಿತು. ಯಾಸಿರ್ ಎಲ್ಲಿ ಎಂದು ಅವನು ಕೆದಕಲಿಲ್ಲ, ಅವನಿಗೆ ಯಾರೂ ಹೇಳಲೂ ಇಲ್ಲ. ಇಡೀ ಗಲ್ಲಿ ಬರುತ್ತಾನೆ ಎನ್ನುವ ಮನುಷ್ಯ ಎಲ್ಲಿಯೋ ಇದ್ದೇ ಇರಬೇಕಲ್ಲ. ಗುರುವಾರ ಹೊರಡುವುದು ತಡವಾದರೆ ಕಿಟಕಿಯ ಪ್ರಶ್ನೆಗೆ ಅವನೂ ದನಿಗೂಡಿಸುತ್ತಿದ್ದ.

ಅಲಿಯಾ ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಬಂದ ಮೇಲೆ ಮನೆಯಲ್ಲೆಲ್ಲ ದಖನಿ ಉರ್ದು, ಅಂಗಡಿಯಲ್ಲಿ ತಮಿಳು. ಸುಗತನೊಂದಿಗೆ ಮಾತಾಡುವಾಗ ಅವಳಿಗೆ ಎರಡು ಜಡೆಯ ಹುಡುಗಿಯ ಧೈರ್ಯ ಬರುತ್ತಿತ್ತು. ಒಂದು ಗುರುವಾರ ಅವನು ಒಂದೇ ಎಸಳು ಬೆಳ್ಳುಳ್ಳಿಯನ್ನು ಹಿಡಿದು ಉಗುರಿನಿಂದ ಕೆರೆಯುತ್ತಿದ್ದುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಬೆಳ್ಳುಳ್ಳಿ ಸುಲೀತಿದೀರೋ, ಅದಕ್ಕೆ ಕ್ಷೌರ ಮಾಡ್ತಿದೀರೋ?"

"ಬೇಗ ಸುಲಿದ್ರೆ ಗುರುವಾರ ಬೇಗ ಮುಗ್ದೋಗುತ್ತಲ್ರೀ."

ಹೇಳಿದ ಮೇಲೆ ಅವನಿಗೇ ತಾನೇನು ಹೇಳಿದೆನೆಂದು ತಿಳಿಯಿತು. ಕಿವಿಯ ತುದಿ ಕೆಂಪಾಯಿತು. ತಟ್ಟನೆ ಬಗ್ಗಿ ಬೆಳ್ಳುಳ್ಳಿಯ ಕಡೆ ಗಮನ ಕೊಟ್ಟ. ಅಲಿಯಾ ಸೆರಗಿನಲ್ಲಿ ನಗುವನ್ನು ಒರೆಸಿಕೊಳ್ಳಲು ನೋಡಿದಳು, ಆಗಲಿಲ್ಲ, ನಕ್ಕೇಬಿಟ್ಟಳು. ಆ ಕ್ಷಣವೇ ಮೆಟ್ಟಿಲ ಮೇಲೆ ಓಡಿಬರುತ್ತಿದ್ದ ಹೆಜ್ಜೆಯೊಂದು ಅರ್ಧದಲ್ಲಿ ನಿಂತ ಹಾಗಾಯಿತು. ಯಾರೋ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ. ಅವಳು ನಗು ನಿಲ್ಲಿಸಿ ಬಾಗಿಲತ್ತ ನೋಡಿದಳು. ಉಳಿದವರು ಮಾತಾಡುತ್ತಲೇ ಇದ್ದರು.

ಅವಳು ಅವನಿಗೆ ಯಾಕೆ ನಿಜ ಹೇಳಲಿಲ್ಲವೆಂದರೆ, ಹೇಳಿದ್ದರೆ ಅವನ ಮುಂದೆ ಬಾಗಿಲು ತೆರೆದಂತಾಗುತ್ತಿತ್ತು. ಗಂಡ ಇದ್ದಾನೆ ಎನ್ನುವ ತನಕ ಅವನ ಜೊತೆ ನಗಬಹುದು, ಅವನು ಬರುವ ದಿನ ಕಾಯಬಹುದು, ಅದಕ್ಕೊಂದು ಹೆಸರಿಡಬೇಕಾಗಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಜೊತೆಗೆ ಒಂದು ಹೆದರಿಕೆಯೂ ಇತ್ತು. ಈವರೆಗೆ ಬರುತ್ತಾನೆ ಎಂದು ಗಲ್ಲಿಯೇ ಹೇಳಿತ್ತು, ಅವಳು ಒಂದು ದಿನವೂ ಹೇಳಿರಲಿಲ್ಲ. ಬರುವುದಿಲ್ಲ ಎಂದು ತಾನು ಬಾಯಿಬಿಟ್ಟು ಹೇಳಿದರೆ ಯಾಸಿರ್ ತನ್ನಿಂದಲೇ ಸತ್ತ ಹಾಗಾಗುತ್ತದೆಂದು ಅವಳಿಗೆ ಅನ್ನಿಸುತ್ತಿತ್ತು.

ಕೂರುವ ಕೆಲಸದಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ ಅಬ್ದುಲ್ ಎಂಬ ದರ್ಜಿಯ ಕೋಣೆಯಲ್ಲಿ, ಅವನ ಹೆಂಡತಿಯ ಜೊತೆ ಕೂತು, ಇಂದಿರಾನಗರದ ಬೊಟೀಕ್ ಒಂದಕ್ಕೆ ಕೊಡಬೇಕಾದ ಬ್ಲೌಸ್‌ಗಳಿಗೆ ಹೆಮ್ಮಿಂಗ್ ಮಾಡುತ್ತಿದ್ದಳು. ಎಷ್ಟೋ ದಿನ ಕಳೆದ ಮೇಲೆ ಆ ಮನುಷ್ಯ ಮಗ್ಗುಲು ಬದಲಿಸಿ, ಹೊಲಿಗೆ ಸೊಟ್ಟಗಿದೆ ಎಂದು ಬೈದ. ಅಲಿಯಾ ಓಡಿಬಂದು ಸುಗತನಿಗೆ ಸುದ್ದಿ ಹೇಳಿದಾಗ ಅವನಿಗೆ ಅವಳಷ್ಟೇ ಖುಷಿಯಾಯಿತು. ಕೈ ಹಿಡಿದುಕೊಳ್ಳಲು ಮುಂದೆ ಬಂದವನು ನಡುವೆಯೇ ಎಚ್ಚೆತ್ತು, ಆ ಕೈಯನ್ನು ತನ್ನ ಜೇಬಿಗೆ ಸೇರಿಸಿದ. ಯಾಸಿರ್ ಅವರಿಗೂ ಹೇಳಿ, ಅವರಿಗೆ ಹೆಮ್ಮೆಯಾಗುತ್ತದೆ ಎಂದ. ಆ ರಾತ್ರಿ ಅಲಿಯಾ ಅತ್ತಳು.

ಗಲ್ಲಿ ಕರಗುತ್ತಿತ್ತು. ಇವರ ಸಾಲನ್ನು ಮನೆ ಮಾಲೀಕ ಬಿಲ್ಡರ್‌ಗೆ ಮಾರಿದ. ಎರಡು ತಿಂಗಳಲ್ಲಿ ಎಲ್ಲರೂ ಖಾಲಿ ಮಾಡಬೇಕು. ಬಿಲ್ಕೀಸ್ ಆಪಾ ಮಗಳ ಮನೆಗೆ ಹೋದರು. ಕೆಡವಿದ ಮನೆಗಳ ಜಾಗದಲ್ಲಿ ಎದ್ದ ಪಿ.ಜಿ.ಯ ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಕಿಟಕಿಯ ಪ್ರಶ್ನೆಗೆ ಉತ್ತರ ಬರುವುದು ತಡವಾಗತೊಡಗಿತು. ಒಂದೊಂದು ಸಂಜೆ ಗುಲ್ಷನ್ ಮತ್ತೆ ಮತ್ತೆ ಕರೆಯಬೇಕಾಗುತ್ತಿತ್ತು. ಕರೀಂ ಚಾಚಾ ಎಲ್ಲಿದ್ದರೂ ಓಡಿಬಂದು ಉತ್ತರ ಹೇಳಿ ಹೋಗುತ್ತಿದ್ದರು.

ಬಾಣಸವಾಡಿ ಸ್ಟೇಷನ್ ಹತ್ತಿರ ಅಲಿಯಾ ಒಂದು ಮನೆ ನೋಡಿಬಂದಳು. ಗುಲ್ಷನ್ ಸುತರಾಂ ಒಪ್ಪಲಿಲ್ಲ. ಈ ಮನೆಯ ಇಟ್ಟಿಗೆ ತಲೆಯ ಮೇಲೆ ಬಿದ್ದರೂ ಸರಿ, ಮಗ ಬಂದು ಬೀಗ ನೋಡಿ ಹಿಂದಿರುಗಬಾರದು ಎಂದರು. ಅನ್ನದ ತಟ್ಟೆ ದೂಡಿದರು. ಎರಡು ದಿನ ನೀರು, ಚಹಾ ಬಿಟ್ಟರೆ ಏನೂ ಮುಟ್ಟಲಿಲ್ಲ.

ಬೇರೆ ದಾರಿ ಕಾಣದೆ ಅಲಿಯಾ ಸುಗತನಿಗೆ ಹೇಳಿದಳು, ಅರ್ಧ ಮಾತ್ರ. ಅತ್ತೆ ಮನೆ ಬಿಡಲು ಒಪ್ಪುತ್ತಿಲ್ಲ ಎಂದಳು. ಮಗನೇ ಬಂದು ಹೇಳಿದರೆ ಒಪ್ಪುತ್ತಾರೆ, ಅವರು ಎಲ್ಲಿ ಸಿಗುತ್ತಾರೆ, ನಾನೇ ಹೋಗಿ ಮಾತಾಡುತ್ತೇನೆ ಎಂದು ಅವನು ಎದ್ದೇ ನಿಂತ. ಅವರು ಸಿಗುವುದು ಕಷ್ಟ ಎಂದಳು. ಅವನು ಅಷ್ಟು ದಿನ ಹಲ್ಲುಕಚ್ಚಿ ಹಿಡಿದದ್ದು ಆಗ ಜಾರಿತು.

"ನೀರು ಹೊರೋದು ನೀವು. ಮನೆ ಹುಡುಕೋದು ನೀವು. ತಾಯಿ ಊಟ ಬಿಟ್ಟಿದಾರೆ, ಆದ್ರೂ ಅವ್ರಿಗೆ ಬಿಡುವಿಲ್ಲ. ಅವ್ರಿಗೆ ತಾನು ಏನು ಕಳ್ಕೋತಿದೀನಿ ಅಂತಾದ್ರೂ ಗೊತ್ತಾ?"

ಸತ್ತವನನ್ನು ಬೈಯುವುದನ್ನು ಕೇಳುತ್ತ ಅಲಿಯಾ ಕಲ್ಲಾಗಿ ನಿಂತಳು. ಸುಗತ ತಲೆ ತಗ್ಗಿಸಿದ. ತಪ್ಪಾಯಿತು, ಇದು ತನ್ನ ಬಾಯಲ್ಲಿ ಬರಬಾರದ ಮಾತು ಎಂದ. ಆಮೇಲೆ ಬಾಗಿಲ ಚೌಕಟ್ಟನ್ನೇ ನೋಡುತ್ತ, ಕೆ.ಆರ್. ಪುರದ ಕಡೆಗೆ ವರ್ಗ ಮಾಡಿಸಿಕೊಂಡಿರುವುದಾಗಿ ತಿಳಿಸಿದ. ಈ ಸೋಮವಾರವೇ ಕೊನೆ.

"ಯಾಕೆ?" ಎಂದಳು.

"ಮದುವೆಯಾದವ್ರ ಹತ್ರ ಹೇಳೋ ಕಾರಣ ಅಲ್ಲ ಅದು, ಅಲಿಯಾ ಅವ್ರೇ."

ಒಂದು ಮಾತು ಸಾಕಿತ್ತು. ಅವಳ ನಾಲಿಗೆಯ ತುದಿಗೆ ಬಂದಿತ್ತು. ಒಳಕೋಣೆಯಲ್ಲಿ ಗುಲ್ಷನ್ ಜಪಮಣಿ ಎಣಿಸುವ ಸದ್ದು ಕೇಳುತ್ತಿತ್ತು. ಅಲಿಯಾ ಬಾಯಿ ತೆರೆಯಲಿಲ್ಲ, ಅವನು ಇಳಿದು ಹೋದ.

ಸೋಮವಾರ ಕರೀಂ ಚಾಚಾ ಕೊನೆಯ ಚಹಾ ಮಾರಿ, ಒಲೆ ಬಿಚ್ಚಿ ಆಟೋಗೆ ಹಾಕಿಕೊಂಡು ಹೊರಟರು. ಹೋಗುವಾಗ ಕಿಟಕಿಯತ್ತ ನೋಡುವ ಧೈರ್ಯ ಅವರಿಗಿರಲಿಲ್ಲ. ಸಂಜೆ ಅಜಾನ್ ಆಯಿತು, ದೀಪ ಹತ್ತಿತು, ಕಿಟಕಿ ತೆರೆಯಿತು.

"ಯಾಸಿರ್ ಬಂದ್ನಾ?"

ಗಲ್ಲಿ ಸುಮ್ಮನಿತ್ತು. ಗುಲ್ಷನ್ ಮತ್ತೆ ಕರೆದರು. ಎದುರಿನ ಮುರಿದ ಗೋಡೆಗೆ ತಾಗಿ ಆ ದನಿ ಹಿಂದಕ್ಕೆ ಬಂತು. ಅಲಿಯಾ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಅವಳ ಬೆನ್ನ ಹಿಂದೆ, ಮೆಟ್ಟಿಲ ಕತ್ತಲಲ್ಲಿ, ರೆಕ್ಸಿನ್ನಿನ ವಾಸನೆ ದಟ್ಟವಾಗಿ ಕವಿಯಿತು. ತಿರುಗಿದರೆ ಅವನು ಕಾಣುತ್ತಾನೆಂದೇ ಅವಳಿಗೆ ಖಾತ್ರಿಯಾಯಿತು. ಅವಳು ತಿರುಗಲಿಲ್ಲ. ಅಷ್ಟರಲ್ಲಿ ಎದುರಿನಿಂದ, ಎಲ್ಲರಿಗೂ ಹೇಳಿ ಹೋಗಲೆಂದು ಬಂದ ಸುಗತ ಕಂಡ. ಮೂರನೆಯ ಸಲದ ಕರೆಗೆ ಅವನು ತಲೆಯೆತ್ತಿದ, ಬಾಯಿ ತೆರೆದ.

"ಹೇಳ್ಬೇಡಿ," ಎಂದಳು ಅಲಿಯಾ. "ಬರ್ತಾರೆ ಅಂತ ಹೇಳ್ಬೇಡಿ. ಅವ್ರು ಬರಲ್ಲ. ಸತ್ತು ನಾಲ್ಕು ವರ್ಷ ಆಯ್ತು."

ಮೆಲ್ಲಗೆ ಹೇಳಿದ್ದೇನೆ ಎಂದುಕೊಂಡಿದ್ದಳು. ಆದರೆ ಬರಿದಾದ ಗಲ್ಲಿಗೆ ಕಿವಿ ಬಹಳ. ಮೇಲೆ ಕಿಟಕಿಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಸುಗತ ಚೀಲವನ್ನು ನೆಲಕ್ಕಿಟ್ಟ. ಸುಳ್ಳು ಸಮಾಧಾನ ಹೇಳಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು, ಇಷ್ಟು ತಿಂಗಳು ಸತ್ತ ಮಗನನ್ನು ಬರುತ್ತಾನೆ ಎಂದು ತಾಯಿಗೆ ತಾನೇ ಹೇಳುತ್ತ ಬಂದಿದ್ದ. ಆ ಸತ್ತವನ ಮೇಲೆ ಹೊಟ್ಟೆಕಿಚ್ಚೂ ಪಟ್ಟಿದ್ದ. ಅಲಿಯಾ ಅವನಿಗಾಗಿ ನಿಲ್ಲದೆ ಮೆಟ್ಟಿಲೇರಿ ಓಡಿದಳು.

ಗುಲ್ಷನ್ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಅಲಿಯಾ ಅವರ ಕಾಲು ಹಿಡಿದು ಮಾಫ್ ಮಾಡಿ ಅಮ್ಮಿ ಎಂದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

"ಕೆಲವು ದಿನ ಗೊತ್ತಿರುತ್ತೆ ಬೇಟಿ. ಕೆಲವು ದಿನ ಗೊತ್ತಿರಲ್ಲ. ಗೊತ್ತಿರೋ ದಿನಾನೇ ಜೋರಾಗಿ ಕೂಗ್ತೀನಿ."

ಅಲಿಯಾ ತಲೆಯೆತ್ತಿದಳು.

"ಅವನಿಲ್ಲ ಅಂತ ನಾನು ಒಪ್ಪಿದ ದಿನ ನಿಮ್ಮಣ್ಣ ಬಂದು ನಿನ್ನ ಕರ್ಕೊಂಡ್ಹೋಗ್ತಾನೆ. ಆಮೇಲೆ ನೀನು ನಂಗೆ ಯಾರು, ನಾನು ನಿಂಗೆ ಯಾರು?"

ನಾಲ್ಕು ವರ್ಷ ಒಬ್ಬರಿಗಾಗಿ ಇನ್ನೊಬ್ಬರು ಆ ಮನೆಯಲ್ಲಿ ಒಂದು ದೆವ್ವವನ್ನು ಸಾಕಿದ್ದರು. ಅಲಿಯಾಗೆ ಅಳು ಉಕ್ಕಿ ಬಂತು. ಎಲ್ಲೂ ಹೋಗುವುದಿಲ್ಲ, ಎಲ್ಲಿ ಹೋದರೂ ನೀವು ಜೊತೆಗಿರುತ್ತೀರಿ ಎಂದು ಅವರ ಮಡಿಲಲ್ಲಿ ಮುಖವಿಟ್ಟು ಹೇಳಿದಳು. ಆಗ ಗುಲ್ಷನ್ ಅತ್ತರು. ಮಗ ಸತ್ತದ್ದಕ್ಕೆ ಅವರು ಅತ್ತದ್ದು ಅದೇ ಮೊದಲು.

ಸುಗತ ಮೇಲೆ ಬಂದವನು ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ಮೆಟ್ಟಿಲ ಮೇಲೆ ಕೂತ. ಬರಿಗೈಯಲ್ಲಿ ಕೂರಬಾರದೆಂಬುದು ನೆನಪಾಯಿತೋ ಏನೋ, ಬಾಗಿಲ ಬಳಿಯಿದ್ದ ಅಕ್ಕಿಯ ಮೊರವನ್ನು ಎಳೆದುಕೊಂಡು ಕಲ್ಲು ಆರಿಸತೊಡಗಿದ. ಅಳು ಇಳಿದ ಮೇಲೆ ಗುಲ್ಷನ್ ಅವನ ಕಡೆ ತಿರುಗಿದರು.

"ಬೇಟಾ, ಮೊದಲ ದಿನ ನಿನ್ನ ಹಿಂದೆ ಯಾರೋ ಬರ್ತಿದ್ರು ಅಂದ್ಯಲ್ಲ. ಅದೂ ಸುಳ್ಳಾ?"

"ಇಲ್ಲಮ್ಮ. ಒಬ್ರು ಬರ್ತಿದ್ರು."

"ಹೇಗಿದ್ದ?"

ಬೇಡ ಎಂದು ಅಲಿಯಾ ಅವನಿಗೆ ಕಣ್ಣಲ್ಲೇ ಹೇಳಿದಳು. ಸುಗತ ಮೊರವನ್ನು ಕೆಳಗಿಟ್ಟು, ನೆನಪಿದ್ದಷ್ಟನ್ನೇ ಹೇಳಿದ. ಮಬ್ಬು ಬೆಳಕು, ಮುಖ ಕಾಣಲಿಲ್ಲ. ಬಿಳಿ ಅಂಗಿ ಇರಬೇಕು. ಯಾವ ಆತುರವೂ ಇಲ್ಲದೆ, ತುಂಬ ನಿಧಾನವಾಗಿ, ಪ್ರತಿ ಮನೆಯನ್ನೂ ನೋಡುತ್ತ ನಡೆದು ಬರುತ್ತಿದ್ದರು.

ಗುಲ್ಷನ್ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ನಿಧಾನಕ್ಕೆ ತಲೆಯಾಡಿಸಿದರು.

"ನನ್ನ ಮಗ ನಡೆದವನೇ ಅಲ್ಲ, ಯಾವಾಗ್ಲೂ ಓಡ್ತಿದ್ದ. ಅವನಲ್ಲ." ಕಣ್ಣು ತೆರೆದು, "ಇನ್ಯಾರದೋ ಮಗ. ಪಾಪ, ಅವನಿಗೂ ಯಾರೋ ಕಾಯ್ತಿರ್ತಾರೆ," ಎಂದರು. ಅಂದು ರಾತ್ರಿ ಅವರೇ ತಟ್ಟೆ ಹಾಕಿಕೊಂಡು ಉಂಡರು.

ಮನೆ ಖಾಲಿ ಮಾಡಿದ ದಿನ ಸುಗತ ರಜೆ ಹಾಕಿ ಬಂದ. ಸಾಮಾನು ತುಂಬಿದ ಟೆಂಪೋ ಬಾಣಸವಾಡಿಯ ದಾರಿ ಹಿಡಿಯುವ ಮೊದಲು ಖಬರಸ್ಥಾನದ ಗೇಟಿನ ಮುಂದೆ ನಿಲ್ಲಬೇಕೆಂದು ಗುಲ್ಷನ್ ಡ್ರೈವರನಿಗೆ ಹೇಳಿದ್ದರು. ಹೆಂಗಸರು ಒಳಗೆ ಹೋಗುವ ರೂಢಿ ಅವರ ಮನೆತನದಲ್ಲಿರಲಿಲ್ಲ. ಅವರು ಗೇಟಿನ ಕಂಬಿ ಹಿಡಿದು ನಿಂತು, ತಾಯಿಗೆ ಒಂದು ಮಾತೂ ಹೇಳದೆ ಹೊರಟುಹೋದ ಮಗನನ್ನು ದಖನಿಯಲ್ಲಿ ಮನಸಾರೆ ಬೈದರು. ಬೈಗುಳ ಮುಗಿಯುವಂತೆ ಕಾಣಲಿಲ್ಲ.

ಟೆಂಪೋದ ಹಿಂಬದಿಯ ನೆರಳಲ್ಲಿ ಅಲಿಯಾ, ಸುಗತ ನಿಂತಿದ್ದರು. ಅವರ ವಿಷಯ ಗುಲ್ಷನ್‌ಗೆ ಗೊತ್ತಾಗಿರಲಿಲ್ಲವೆಂದಲ್ಲ. ಬೆಳಿಗ್ಗೆ ಪಾತ್ರೆ ಕಟ್ಟುವಾಗ, ಆ ಹುಡುಗ ಒಳ್ಳೆಯವನು, ಆದರೆ ನಮ್ಮವನಲ್ಲ, ಆ ಜಗಳವನ್ನು ಹೊಸ ಮನೆಯಲ್ಲಿ ಆಡೋಣ ಎಂದಿದ್ದರು. ಜಗಳ ಆಡುತ್ತೇನೆ ಎಂದರೆ ಬಾಗಿಲು ಹಾಕಿಲ್ಲವೆಂದು ಅರ್ಥ. ಅವರನ್ನು ಬಲ್ಲ ಅಲಿಯಾಗೆ ಅಷ್ಟು ಸಾಕಾಗಿತ್ತು.

"ಕೆ.ಆರ್. ಪುರಕ್ಕೆ ಯಾಕೆ ಹೋದೆ ಅಂತ ಈಗ ಹೇಳ್ಬಹುದಾ?" ಎಂದ ಸುಗತ.

"ನಂಗೊತ್ತು."

"ಆದ್ರೂ ಹೇಳ್ತೀನಿ. ನಿಮ್ಮನ್ನ ಇಷ್ಟಪಟ್ಟೆ. ಇನ್ನೊಬ್ರ ಮನೆ ಅಂತ ಗೊತ್ತಿದ್ರೂ ಇಷ್ಟಪಟ್ಟೆ. ಹೋಗ್ದೇ ಇದ್ರೆ ಕೆಟ್ಟವನಾಗ್ತಿದ್ದೆ."

ಅವಳು ಅವನನ್ನು ನೇರವಾಗಿ ನೋಡಿದಳು. ಇಷ್ಟು ದಿನ ಕದ್ದು ನೋಡಿದ್ದ ಮುಖ. ಹುಬ್ಬಿನ ಮೇಲೊಂದು ಚಿಕ್ಕ ಗಾಯದ ಗುರುತು, ನಿದ್ದೆಗೆಟ್ಟ ಕಣ್ಣು, ಅಟ್ಟದ ಧೂಳು ಹಿಡಿದ ಕೂದಲು. ಧೂಳನ್ನು ತಟ್ಟಬೇಕೆನ್ನಿಸಿತು. ಆ ಆಸೆಯೊಂದಿಗೇ ಅಂಟಿನ ವಾಸನೆ ತೇಲಿಬಂತು, ತೀರ ಹತ್ತಿರದಿಂದ.

"ಒಂದು ವಿಷಯ ಹೇಳ್ಬೇಕು," ಎಂದಳು. "ಅಮ್ಮಿ ಅವ್ರನ್ನ ಕಳಿಸ್ಕೊಟ್ರು. ನನ್ನಿಂದ ಆಗ್ಲಿಲ್ಲ. ನಾನು ನಕ್ಕಾಗೆಲ್ಲ ಅವ್ರು ಬಂದು ನಿಂತ್ಕೋತಾರೆ. ಈಗ್ಲೂ ಇಲ್ಲೇ ಇದಾರೆ. ನಿಮ್ಗೆ ಹುಚ್ಚು ಅನ್ನಿಸ್ಬಹುದು."

ಸುಗತ ನಗಲಿಲ್ಲ. ಅವಳ ಹಿಂದಿನ ಖಾಲಿ ಜಾಗವನ್ನು, ಅಲ್ಲಿ ಯಾರೋ ಇದ್ದರೆ ಹೇಗೆ ನೋಡುತ್ತಿದ್ದನೋ ಹಾಗೆ, ಮರ್ಯಾದೆಯಿಂದ ಒಮ್ಮೆ ನೋಡಿದ.

"ಅವ್ರು ಹೋಗ್ಲೇಬೇಕು ಅಂತ ನಾನು ಕೇಳ್ಲಿಲ್ವಲ್ಲ, ಅಲಿಯಾ. ಬರ್ಲಿ. ನಿಮ್ಮ ಜೊತೆ ಎಷ್ಟು ದಿನ ಇರ್ತಾರೋ ಇರ್ಲಿ."

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ಯಾವ ಹೆಜ್ಜೆಯೂ ಎಲ್ಲಿಯೂ ನಿಲ್ಲಲಿಲ್ಲ. ಕೈ ಚಾಚಿ ಅವನ ತಲೆಯ ಧೂಳನ್ನು ತಟ್ಟಿದಳು. ಗೇಟಿನ ಬಳಿ ಬೈದು ಸುಸ್ತಾದ ಗುಲ್ಷನ್ ಸೆರಗಿನಿಂದ ಮುಖ ಒರೆಸಿಕೊಂಡು ಬಂದು, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು, ಹಿಂದೆ ತಿರುಗಿ ನೋಡದೆಯೇ, ಹೊರಡೋಣ ಎಂದರು.

ಅಲಿಯಾ ಟೆಂಪೋದ ಹಿಂದೆ ಹತ್ತಿ, ಹಾಸಿಗೆಯ ಸುರುಳಿಯ ಮೇಲೆ ಕೂತು, ಒಂದು ಬದಿಗೆ ಸರಿದಳು.

"ಹತ್ತು," ಎಂದಳು. "ತಡ ಆಯ್ತು."

ಸುಗತ ಹತ್ತಿ ಕೂತ. ಟೆಂಪೋ ಕುಲುಕುತ್ತ ಹೊರಟಿತು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಬಾಣಸವಾಡಿ ಮುಟ್ಟುವ ತನಕ ಅದನ್ನು ತುಂಬಲು ಇಬ್ಬರೂ ಆತುರಪಡಲಿಲ್ಲ.